ಪಂಕ್ತಿಯಲ್ಲಿ ಎಲೆಯಿಲ್ಲದ ಮಗು

1974ರಲ್ಲಿ ಐಬಿಎಂನ ಡಾನ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕೋಷ್ಟಕಗಳಲ್ಲಿಟ್ಟ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆಯೊಂದನ್ನು ಮುಂದಿಟ್ಟರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಸಂಬಳದ ಪಟ್ಟಿ, ಬ್ಯಾಂಕಿನ ಖಾತೆಗಳಿಗೆ ಅದು ಹೇಳಿ ಮಾಡಿಸಿದ್ದು. ಕೋಷ್ಟಕದಲ್ಲಿ ಯಾವ ಸಾಲು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಬೆಲೆಯಿಲ್ಲ.

ಪುಸ್ತಕದ ಮಾತು ಬೇರೆ. ಅಧ್ಯಾಯದೊಳಗೆ ಪ್ಯಾರಾ, ಪ್ಯಾರಾದೊಳಗೆ ವಾಕ್ಯ. ಕ್ರಮ ತಪ್ಪಿದರೆ ಕಥೆಯೇ ಕೆಟ್ಟಿತು. ಹೀಗೆ ಒಂದರೊಳಗೊಂದು ಕೂತ ಬರಹವನ್ನು ಗುರುತು ಹಾಕಿ ಇಡಲು 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂತು. ಅದರ ಗುರುತುಗಳನ್ನು ಕನ್ನಡದಲ್ಲೂ ಬರೆಯಬಹುದು. ಇಟ್ಟದ್ದನ್ನು ಹುಡುಕುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ.

2000ದಲ್ಲಿ ಅದೇ ಚೇಂಬರ್ಲಿನ್, ಜೋನಾಥನ್ ರಾಬಿ ಮತ್ತು ಡ್ಯಾನಿಯೆಲಾ ಫ್ಲೊರೆಸ್ಕು ಜೊತೆ ಸೇರಿ ಕ್ವಿಲ್ಟ್ ಎಂಬ ಭಾಷೆ ಹೊಲಿದರು. ಕ್ವಿಲ್ಟ್ ಎಂದರೆ ನಮ್ಮ ಕೌದಿ. ಹಲವು ಭಾಷೆಗಳ ತುಂಡುಗಳನ್ನು ಜೋಡಿಸಿದ್ದರಿಂದ ಆ ಹೆಸರು. ಅದನ್ನು ಆಧರಿಸಿ ಬೆಳೆದದ್ದೇ ಎಕ್ಸ್‌ಕ್ವೆರಿ. ಅದರ ಮೊದಲ ಆವೃತ್ತಿ ಡಬ್ಲ್ಯು3ಸಿಯ ಅಂತಿಮ ಮುದ್ರೆ ಪಡೆದದ್ದು 2007ರ ಜನವರಿಯಲ್ಲಿ.

ಇಷ್ಟು ವರ್ಷ ಹಿಡಿದದ್ದೇಕೆ? ಯಾವುದನ್ನು ಏನೆಂದು ಕರೆಯಬೇಕು ಎಂಬುದನ್ನೇ ಮೊದಲಿಂದ ಇತ್ಯರ್ಥ ಮಾಡಬೇಕಿತ್ತು. ಬರಹದ ಮರದಲ್ಲಿ ನೆಲೆಯಿರುವ ಪ್ರತಿಯೊಂದೂ ‘ನೋಡ್’. ಅದರಲ್ಲಿ ಏಳು ಬಗೆ. ಮರದಿಂದ ಬಿಡಿಸಿಕೊಂಡ ಬರಿಯ ಅಂಕಿಯೋ ಪದವೋ ‘ಅಟಾಮಿಕ್ ಮೌಲ್ಯ’. ಅದಕ್ಕೆ ಹೆತ್ತವರಿಲ್ಲ, ಮಕ್ಕಳಿಲ್ಲ. ಎರಡಕ್ಕೂ ಸೇರಿ ‘ಐಟಂ’ ಎಂದು ಹೆಸರು. ಐಟಂಗಳ ಸಾಲು ‘ಸೀಕ್ವೆನ್ಸ್’. 1999ರ ಎಕ್ಸ್‌ಪಾತ್‌ನಲ್ಲಿ ಹುಡುಕಿ ಸಿಕ್ಕಿದ ನೋಡ್‌ಗಳು ಕ್ರಮವಿಲ್ಲದ ಗುಂಪಾಗಿದ್ದವು. ಎಕ್ಸ್‌ಕ್ವೆರಿಯಲ್ಲಿ ಆ ಗುಂಪು ಸಾಲಾಯಿತು. ಪುಸ್ತಕಕ್ಕೆ ಬೇಕಿದ್ದ ಕ್ರಮ ಅಲ್ಲಿ ದಕ್ಕಿತು.

ನೋಡ್‌ಗಳ ನಡುವಿನ ನಂಟಿಗೆ ಮನೆಯ ಮಾತನ್ನೇ ತಂದರು: ಹೆತ್ತವರು, ಮಕ್ಕಳು, ಒಡಹುಟ್ಟು, ಪೂರ್ವಜರು, ವಂಶಜರು. ಆದರೆ ಈ ಮನೆಯಲ್ಲೊಂದು ವಿಚಿತ್ರವಿದೆ. ‘ಪುಸ್ತಕ’ ಎಂಬ ಎಲಿಮೆಂಟ್ ಇದೆ ಎನ್ನಿ. ಅದರೊಳಗಿನ ‘ಶೀರ್ಷಿಕೆ’, ‘ಲೇಖಕ’ ಅದರ ಮಕ್ಕಳು. ಪುಸ್ತಕದ ಗುರುತಿನಲ್ಲೇ ವರ್ಷ="1967" ಎಂದು ಅಂಟಿಸಿದ್ದರೆ ಅದು ಅಟ್ರಿಬ್ಯೂಟ್. ವರ್ಷವನ್ನು ಕೇಳಿ, ನನ್ನ ಹೆತ್ತದ್ದು ಪುಸ್ತಕ ಎನ್ನುತ್ತದೆ. ಪುಸ್ತಕವನ್ನು ಕೇಳಿ, ತನ್ನ ಮಕ್ಕಳ ಹೆಸರು ಹೇಳುವಾಗ ವರ್ಷವನ್ನು ಬಿಟ್ಟುಬಿಡುತ್ತದೆ.

ಅನ್ಯಾಯವೆನಿಸಿದರೂ ಕಾರಣವಿದೆ. ಮಕ್ಕಳು ಪಂಕ್ತಿಯಲ್ಲಿ ಕೂತವರು. ಯಾರ ಪಕ್ಕ ಯಾರು ಎಂಬುದು ಅಲ್ಲಿ ಮುಖ್ಯ. ಅಟ್ರಿಬ್ಯೂಟ್‌ಗಳಿಗೆ ಎಕ್ಸ್‌ಎಂಎಲ್‌ನಲ್ಲಿ ಹಿಂದುಮುಂದಿನ ಕ್ರಮವೇ ಇಲ್ಲ. ಕ್ರಮವಿಲ್ಲದವರಿಗೆ ಪಂಕ್ತಿಯಲ್ಲಿ ಎಲೆ ಹಾಕುವುದೆಲ್ಲಿ?

ಇದು ಬರೀ ಪದಗಳ ಜಗಳವಲ್ಲ. ಮಕ್ಕಳಲ್ಲಿ ವರ್ಷವನ್ನು ಹುಡುಕಿದವನಿಗೆ ಸಾಮಾನ್ಯವಾಗಿ ಎಕ್ಸ್‌ಕ್ವೆರಿ ತಪ್ಪೆಂದು ಹೇಳುವುದಿಲ್ಲ; ಖಾಲಿ ಸೀಕ್ವೆನ್ಸ್ ಕೊಟ್ಟು ಸುಮ್ಮನಾಗುತ್ತದೆ. ಅವನು ಆ ಪುಸ್ತಕಕ್ಕೆ ವರ್ಷವೇ ಇಲ್ಲವೆಂದುಕೊಳ್ಳುತ್ತಾನೆ. ವರ್ಷ ಅಲ್ಲೇ ಇರುತ್ತದೆ. ಅದನ್ನು ಯಾವ ನಂಟಿನಿಂದ ಕರೆಯಬೇಕೆಂಬುದಷ್ಟೇ ಅವನಿಗೆ ತಿಳಿದಿರುವುದಿಲ್ಲ.