ಬ್ಲಾಕ್‌ಚೈನ್ ಮುಕ್ತ ತಂತ್ರಾಂಶ ಹ್ಯಾಕಥಾನ್: ವಿದ್ಯಾರ್ಥಿ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹ್ಯಾಕಥಾನ್ ಎಂದರೆ ನಿಗದಿತ ಅವಧಿಯೊಳಗೆ ತಂಡವಾಗಿ ದುಡಿದು, ಕೊಟ್ಟಿರುವ ಸಮಸ್ಯೆಯೊಂದಕ್ಕೆ ಪರಿಹಾರವಾಗಬಲ್ಲ ತಂತ್ರಾಂಶದ ಮಾದರಿಯನ್ನು ಸಿದ್ಧಪಡಿಸುವ ಸ್ಪರ್ಧೆ. ಬ್ಲಾಕ್‌ಚೈನ್ ತಂತ್ರಜ್ಞಾನವನ್ನು ವಿಷಯವಾಗಿ ಹೊಂದಿದ ಹಾಗೂ ಸಿದ್ಧವಾದ ತಂತ್ರಾಂಶವನ್ನು ಸಾರ್ವಜನಿಕರ ಮುಕ್ತ ಬಳಕೆಗೆ ನೀಡಬೇಕೆಂಬ ಷರತ್ತುಳ್ಳ ಸ್ಪರ್ಧೆಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಭಾಗವಹಿಸುತ್ತಿದ್ದಾರೆ. ಇಂತಹ ಸ್ಪರ್ಧೆಗಳಿಗೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು, ಅವರ ಪೋಷಕರು ಹಾಗೂ ಕಾಲೇಜುಗಳ ಮಾರ್ಗದರ್ಶಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಅರ್ಜಿದಾರರು ಮೊದಲಿಗೆ ಒಂದು ಸಂಗತಿಯನ್ನು ಮನಗಾಣತಕ್ಕದ್ದು. ಮುಕ್ತ ಪರವಾನಗಿಯಡಿ ಒಮ್ಮೆ ಪ್ರಕಟಿಸಿದ ತಂತ್ರಾಂಶವನ್ನಾಗಲಿ, ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದಾಖಲಿಸಿದ ಮಾಹಿತಿಯನ್ನಾಗಲಿ ಹಿಂದಕ್ಕೆ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ. ಆದುದರಿಂದ ಯಾವುದನ್ನು ಪ್ರಕಟಿಸಬೇಕು, ಯಾವ ಷರತ್ತಿನ ಮೇಲೆ ಪ್ರಕಟಿಸಬೇಕು ಮತ್ತು ಯಾವುದನ್ನು ಪ್ರಕಟಿಸಲೇಬಾರದು ಎಂಬ ಮೂರು ವಿಷಯಗಳನ್ನು ಸ್ಪರ್ಧೆಯ ಮುನ್ನವೇ ತೀರ್ಮಾನಿಸಿಕೊಳ್ಳುವುದು ಅವಶ್ಯ.

2. ಬ್ಲಾಕ್‌ಚೈನ್ ಎಂದರೇನು?

ಬ್ಲಾಕ್‌ಚೈನ್ ಎಂಬುದು ಅನೇಕ ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಪ್ರತಿಗಳನ್ನು ಹೊಂದಿರುವ ದಾಖಲೆ ಪುಸ್ತಕ. ದಾಖಲೆಗಳನ್ನು ಕಂತುಗಳಾಗಿ ಜೋಡಿಸಲಾಗುತ್ತದೆ. ಪ್ರತಿಯೊಂದು ಕಂತಿನಲ್ಲಿ ಅದರ ಹಿಂದಿನ ಕಂತಿನ ‘ಹ್ಯಾಶ್’, ಅಂದರೆ ಆ ಕಂತಿನ ಮಾಹಿತಿಯಿಂದ ಲೆಕ್ಕ ಹಾಕಿ ಪಡೆದ ಗುರುತು ಸಂಖ್ಯೆ, ನಮೂದಾಗಿರುತ್ತದೆ. ಹಳೆಯ ಕಂತಿನಲ್ಲಿ ಒಂದು ಅಕ್ಷರವನ್ನು ತಿದ್ದಿದರೂ ಅದರ ಹ್ಯಾಶ್ ಬದಲಾಗಿ ಮುಂದಿನ ಎಲ್ಲ ಕಂತುಗಳ ಕೊಂಡಿ ಕಳಚುತ್ತದೆ. ಇದರಿಂದ ತಿದ್ದುಪಡಿಯು ಕೂಡಲೇ ಬೆಳಕಿಗೆ ಬರುತ್ತದೆ.

ಈ ವಿಧಾನವನ್ನು ಬಳಸಿದ ಬಿಟ್‌ಕಾಯಿನ್ ಕುರಿತ ಪ್ರಬಂಧವು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಅದರ ತಂತ್ರಾಂಶವು 2009ರ ಜನವರಿಯಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. 2015ರ ಜುಲೈನಲ್ಲಿ ಆರಂಭವಾದ ಇಥೀರಿಯಂ ಜಾಲವು ಹಣದ ವರ್ಗಾವಣೆಯಷ್ಟೇ ಅಲ್ಲದೆ, ‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂದು ಕರೆಯಲಾಗುವ ಕಿರು ತಂತ್ರಾಂಶಗಳನ್ನೂ ಬ್ಲಾಕ್‌ಚೈನ್ ಮೇಲೆ ನಡೆಸಲು ಅನುವು ಮಾಡಿಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿನಕ್ಸ್ ಫೌಂಡೇಶನ್ ಆರಂಭಿಸಿದ ಹೈಪರ್‌ಲೆಡ್ಜರ್ ಯೋಜನೆಯು ಸಂಸ್ಥೆಗಳು ತಮ್ಮೊಳಗೆ, ಅನುಮತಿ ಪಡೆದ ಸದಸ್ಯರ ನಡುವೆ ಬಳಸಬಹುದಾದ ಬ್ಲಾಕ್‌ಚೈನ್ ತಂತ್ರಾಂಶಗಳನ್ನು ಅಭಿವೃದ್ಧಿಪಡಿಸಿದೆ. ಈ ಮೂರೂ ಮುಕ್ತ ತಂತ್ರಾಂಶಗಳಾಗಿರುವುದರಿಂದ ವಿದ್ಯಾರ್ಥಿಗಳು ಶುಲ್ಕವಿಲ್ಲದೆ ಪಡೆದು ಅಭ್ಯಾಸ ಮಾಡಬಹುದು.

3. ಭಾರತದಲ್ಲಿ ಲಭ್ಯವಿರುವ ಅವಕಾಶಗಳು

(ಅ) ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್: ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2017ರಲ್ಲಿ ಆರಂಭಿಸಿದ ಸ್ಪರ್ಧೆ. ಸಚಿವಾಲಯಗಳು, ಇಲಾಖೆಗಳು ಹಾಗೂ ಉದ್ಯಮಗಳು ಸಮಸ್ಯೆಗಳನ್ನು ನೀಡುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ ಬ್ಲಾಕ್‌ಚೈನ್ ಮತ್ತು ಸೈಬರ್ ಭದ್ರತೆ ಒಂದು ಪ್ರತ್ಯೇಕ ವಿಷಯವಾಗಿದೆ. ಒಂದೇ ಕಾಲೇಜಿನ 6 ವಿದ್ಯಾರ್ಥಿಗಳ ತಂಡವಿರಬೇಕು. ಅವರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಬೇಕು. ಕಾಲೇಜು ಮಟ್ಟದ ಆಂತರಿಕ ಸ್ಪರ್ಧೆಯಲ್ಲಿ ಆಯ್ಕೆಯಾದ ತಂಡಗಳನ್ನು ಕಾಲೇಜಿನ ಸಂಪರ್ಕಾಧಿಕಾರಿಯೇ ನಾಮನಿರ್ದೇಶನ ಮಾಡುತ್ತಾರೆ. ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು ಸತತ 36 ಗಂಟೆಗಳ ಅವಧಿಯದಾಗಿರುತ್ತದೆ.

(ಆ) ಖಾಸಗಿ ಹಾಗೂ ಸಮುದಾಯದ ಸ್ಪರ್ಧೆಗಳು: ಬೆಂಗಳೂರಿನಲ್ಲಿ 2018ರಲ್ಲಿ ಮೊದಲ ಬಾರಿಗೆ ನಡೆದ ಇಥ್‌ಇಂಡಿಯಾ ಇದಕ್ಕೆ ಉದಾಹರಣೆ. ಇಂತಹ ಸ್ಪರ್ಧೆಗಳ ನಿಯಮಗಳು ಸಂಘಟಕರಿಂದ ಸಂಘಟಕರಿಗೆ ಭಿನ್ನವಾಗಿರುತ್ತವೆ.

(ಇ) ಪ್ರಯೋಗ ಸೌಲಭ್ಯ: ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2021ರ ಡಿಸೆಂಬರ್‌ನಲ್ಲಿ ಬ್ಲಾಕ್‌ಚೈನ್ ಕುರಿತ ರಾಷ್ಟ್ರೀಯ ಕಾರ್ಯತಂತ್ರವನ್ನು ಪ್ರಕಟಿಸಿತು. 2024ರ ಸೆಪ್ಟೆಂಬರ್‌ನಲ್ಲಿ ‘ವಿಶ್ವಸ್ಯ’ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯೊಂದಿಗೆ, ನವೋದ್ಯಮಗಳು ಮತ್ತು ಶಿಕ್ಷಣ ಸಂಸ್ಥೆಗಳು ಮಾದರಿಗಳನ್ನು ಪರೀಕ್ಷಿಸಲೆಂದು ‘ಎನ್‌ಬಿಎಫ್‌ಲೈಟ್’ ಎಂಬ ಪ್ರಯೋಗ ವೇದಿಕೆಗೂ ಚಾಲನೆ ನೀಡಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು.

4. ಸಮಸ್ಯೆಯ ಆಯ್ಕೆ

ಎಲ್ಲ ಸಮಸ್ಯೆಗಳಿಗೂ ಬ್ಲಾಕ್‌ಚೈನ್ ಪರಿಹಾರವಲ್ಲ. ಒಂದೇ ಕಚೇರಿಯು ದಾಖಲೆಯನ್ನು ಸೃಜಿಸಿ, ನಿರ್ವಹಿಸಿ, ಎಲ್ಲರೂ ಆ ಕಚೇರಿಯನ್ನು ನಂಬುವ ಸಂದರ್ಭದಲ್ಲಿ ಸಾಮಾನ್ಯ ದತ್ತಾಂಶ ಕೋಶವೇ ಸಾಕಾಗುತ್ತದೆ. ಪರಸ್ಪರ ಸ್ವತಂತ್ರವಾದ ಹಲವು ಸಂಸ್ಥೆಗಳು ಒಂದೇ ದಾಖಲೆಯನ್ನು ಅವಲಂಬಿಸಿದ್ದು, ಯಾವ ಒಂದು ಸಂಸ್ಥೆಯೂ ಅದನ್ನು ಏಕಪಕ್ಷೀಯವಾಗಿ ತಿದ್ದಬಾರದು ಎಂಬ ಸಂದರ್ಭದಲ್ಲಿ ಮಾತ್ರ ಬ್ಲಾಕ್‌ಚೈನ್ ಉಪಯುಕ್ತ. ವಿಶ್ವವಿದ್ಯಾಲಯವು ನೀಡಿದ ಅಂಕಪಟ್ಟಿಯನ್ನು ಬೇರೊಂದು ರಾಜ್ಯದ ಉದ್ಯೋಗದಾತರು ಪರಿಶೀಲಿಸುವುದು ಇಂತಹ ಸಂದರ್ಭ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2021ರಲ್ಲಿ ಫಲಿತಾಂಶ ದಾಖಲೆಗಳಿಗಾಗಿ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಆರಂಭಿಸಿತು.

ಬ್ಲಾಕ್‌ಚೈನ್ ದಾಖಲೆಯನ್ನು ಭದ್ರಪಡಿಸುತ್ತದೆಯೇ ಹೊರತು ಅದರ ಸತ್ಯತೆಯನ್ನು ಖಾತ್ರಿಪಡಿಸುವುದಿಲ್ಲ. ಪಹಣಿಯೊಂದರಲ್ಲಿ ಖಾತೆದಾರರ ಹೆಸರು ತಪ್ಪಾಗಿ ನಮೂದಾಗಿದ್ದು, ಅದನ್ನು ಹಾಗೆಯೇ ಬ್ಲಾಕ್‌ಚೈನ್‌ಗೆ ಸೇರಿಸಿದಲ್ಲಿ, ಭದ್ರವಾಗುವುದು ತಪ್ಪು ಹೆಸರೇ. ಆದುದರಿಂದ ಮಾದರಿಯನ್ನು ರೂಪಿಸುವಾಗ ತಿದ್ದುಪಡಿಗೆ ಮನವಿ ಸಲ್ಲಿಸುವವರು ಯಾರು, ಅದನ್ನು ಅನುಮೋದಿಸುವವರು ಯಾರು, ತಿದ್ದುಪಡಿಯು ಹೊಸ ನಮೂದಾಗಿ ಹೇಗೆ ಸೇರುತ್ತದೆ ಎಂಬುದನ್ನು ವಿವರಿಸತಕ್ಕದ್ದು.

5. ಹಕ್ಕುಸ್ವಾಮ್ಯ ಮತ್ತು ಪರವಾನಗಿ

5.1 ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಗಣಕಯಂತ್ರದ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರಿದೆ. ಸಾಮಾನ್ಯವಾಗಿ ಅದನ್ನು ಬರೆದವರೇ ಮೊದಲ ಹಕ್ಕುದಾರರು. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ತಂಡವಾಗಿ ಬರೆದು, ಒಬ್ಬರ ಕೊಡುಗೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಲಾಗದಿದ್ದಲ್ಲಿ ಎಲ್ಲರೂ ಜಂಟಿ ಕರ್ತೃಗಳಾಗುತ್ತಾರೆ. ಆದುದರಿಂದ ಪರವಾನಗಿಯ ಆಯ್ಕೆಗೆ ತಂಡದ ಎಲ್ಲ ಸದಸ್ಯರ ಒಪ್ಪಿಗೆ ಇರುವುದು ಅಗತ್ಯ.

5.2 ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದು ಬರಹದಲ್ಲಿದ್ದು, ವಹಿಸಿಕೊಡುವವರ ಸಹಿ ಹೊಂದಿದ್ದಲ್ಲಿ ಮಾತ್ರ ಸಿಂಧುವಾಗುತ್ತದೆ ಎಂದು ಅದೇ ಅಧಿನಿಯಮದ 19ನೇ ಪ್ರಕರಣವು ಹೇಳುತ್ತದೆ. ಅವಧಿಯನ್ನು ನಮೂದಿಸದಿದ್ದಲ್ಲಿ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಮಾತ್ರ ಸೀಮಿತವೆಂದೂ ಭಾವಿಸಲಾಗುತ್ತದೆ. ಸ್ಪರ್ಧೆಯ ಅರ್ಜಿ ನಮೂನೆಯಲ್ಲಿ ‘ಎಲ್ಲ ಹಕ್ಕುಗಳನ್ನು ಸಂಘಟಕರಿಗೆ ವಹಿಸಿಕೊಡಲಾಗಿದೆ’ ಎಂಬ ವಾಕ್ಯವಿದೆಯೇ ಎಂಬುದನ್ನು ಸಹಿ ಮಾಡುವ ಮುನ್ನ ನೋಡಿಕೊಳ್ಳತಕ್ಕದ್ದು. ಹಕ್ಕನ್ನು ವಹಿಸಿಕೊಡುವುದು ಮತ್ತು ಬಳಕೆಗೆ ಪರವಾನಗಿ ನೀಡುವುದು ಬೇರೆ ಬೇರೆ. ಪರವಾನಗಿ ನೀಡಿದಾಗ ಹಕ್ಕು ವಿದ್ಯಾರ್ಥಿಯಲ್ಲೇ ಉಳಿಯುತ್ತದೆ, ವಹಿಸಿಕೊಟ್ಟಾಗ ಉಳಿಯುವುದಿಲ್ಲ.

5.3 ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ತಂತ್ರಾಂಶವು ಮುಕ್ತವಾಗುವುದಿಲ್ಲ. ಪರವಾನಗಿ ಪತ್ರವಿಲ್ಲದಿದ್ದಲ್ಲಿ ಎಲ್ಲ ಹಕ್ಕುಗಳೂ ಕರ್ತೃವಿನಲ್ಲೇ ಇರುವುದರಿಂದ, ಇತರರು ಅದನ್ನು ಕಾನೂನುಬದ್ಧವಾಗಿ ತಿದ್ದಿ ಹಂಚಲು ಬರುವುದಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪರವಾನಗಿಗಳು ಇಂತಿವೆ:

(ಅ) ಎಂಐಟಿ: ಬಹಳ ಸಂಕ್ಷಿಪ್ತ. ಕರ್ತೃವಿನ ಹಕ್ಕುಸ್ವಾಮ್ಯ ಸೂಚನೆ ಹಾಗೂ ಪರವಾನಗಿಯ ಪಠ್ಯವನ್ನು ಉಳಿಸಿಕೊಂಡರೆ ಯಾರು ಬೇಕಾದರೂ ಬಳಸಬಹುದು. ಬಿಟ್‌ಕಾಯಿನ್ ತಂತ್ರಾಂಶವು ಈ ಪರವಾನಗಿಯಲ್ಲಿದೆ.

(ಆ) ಅಪಾಚೆ 2.0: ಮೇಲಿನದರಂತೆಯೇ ಉದಾರ. ಜೊತೆಗೆ ಪೇಟೆಂಟ್ ಬಳಕೆಗೂ ಸ್ಪಷ್ಟ ಅನುಮತಿ ನೀಡುತ್ತದೆ. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಈ ಪರವಾನಗಿಯಲ್ಲಿದೆ.

(ಇ) ಜಿಪಿಎಲ್ 3: ತಂತ್ರಾಂಶವನ್ನು ತಿದ್ದಿ ಇತರರಿಗೆ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಪರವಾನಗಿಯಡಿ ನೀಡಬೇಕು. ಇಥೀರಿಯಂನ ಸಾಲಿಡಿಟಿ ಭಾಷೆಯ ಕಂಪೈಲರ್ ಈ ಪರವಾನಗಿಯಲ್ಲಿದೆ.

ಅಪಾಚೆ 2.0 ಮತ್ತು ಜಿಪಿಎಲ್ 3ರಡಿ, ಷರತ್ತುಗಳನ್ನು ಪಾಲಿಸುವವರಿಗೆ ನೀಡಿದ ಅನುಮತಿಯು ಹಿಂತೆಗೆದುಕೊಳ್ಳಲಾಗದ್ದೆಂದು ಅವುಗಳ ಪಠ್ಯದಲ್ಲಿಯೇ ಹೇಳಲಾಗಿದೆ. ಬೇರೆಯವರ ತಂತ್ರಾಂಶವನ್ನು ಸೇರಿಸಿಕೊಂಡಿದ್ದಲ್ಲಿ ಅದರ ಪರವಾನಗಿಯನ್ನೂ ಪಾಲಿಸತಕ್ಕದ್ದು.

6. ವೈಯಕ್ತಿಕ ಮಾಹಿತಿಯ ರಕ್ಷಣೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ದೊರೆತಿದ್ದು, ಅದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಗಿದೆ. ಅಧಿನಿಯಮವನ್ನು ಹಂತಹಂತವಾಗಿ ಜಾರಿಗೊಳಿಸಲಾಗುತ್ತಿದೆ. ತನ್ನ ಮಾಹಿತಿಯನ್ನು ತಿದ್ದಿಸುವ ಹಾಗೂ ಅಳಿಸಿಹಾಕಿಸುವ ಹಕ್ಕನ್ನು ಈ ಅಧಿನಿಯಮವು ವ್ಯಕ್ತಿಗೆ ನೀಡುತ್ತದೆ. ಅಳಿಸಲಾಗದ ದಾಖಲೆ ಪುಸ್ತಕದಲ್ಲಿ ಹೆಸರು, ವಿಳಾಸ, ಆರೋಗ್ಯ ವಿವರ ಅಥವಾ ಆಧಾರ್ ಸಂಖ್ಯೆಯನ್ನು ಬರೆದಲ್ಲಿ ಈ ಹಕ್ಕನ್ನು ಈಡೇರಿಸುವುದು ಅಸಾಧ್ಯವಾಗುತ್ತದೆ.

ಸಂಖ್ಯೆಯ ಬದಲು ಅದರ ಹ್ಯಾಶ್ ಬರೆದರೆ ಸಾಕೆಂಬುದು ಸಾಮಾನ್ಯ ತಪ್ಪು ಕಲ್ಪನೆ. 6, 7, 8 ಅಥವಾ 9ರಿಂದ ಆರಂಭವಾಗುವ 10 ಅಂಕಿಗಳ ಮೊಬೈಲ್ ಸಂಖ್ಯೆಗಳು ಒಟ್ಟು 400 ಕೋಟಿ ಮಾತ್ರ ಇರಲು ಸಾಧ್ಯ. ಅಷ್ಟಕ್ಕೂ ಹ್ಯಾಶ್ ಲೆಕ್ಕ ಹಾಕಿ ಹೋಲಿಸಿ ನೋಡುವ ಕೆಲಸವನ್ನು ಸಾಧಾರಣ ಗಣಕಯಂತ್ರವು ಒಂದು ದಿನದೊಳಗೆ ಮುಗಿಸಬಲ್ಲದು. ಆದುದರಿಂದ ಮೂಲ ಮಾಹಿತಿಯನ್ನು ಬ್ಲಾಕ್‌ಚೈನ್‌ನ ಹೊರಗೆ, ಅಳಿಸಲು ಬರುವ ದತ್ತಾಂಶ ಕೋಶದಲ್ಲಿ ಇರಿಸತಕ್ಕದ್ದು. ಪ್ರತಿ ದಾಖಲೆಗೂ ಬೇರೆಯಾದ, ಗೌಪ್ಯವಾಗಿ ಇರಿಸಿದ, ಊಹಿಸಲಾಗದ ದೊಡ್ಡ ಸಂಖ್ಯೆಯೊಂದನ್ನು ಸೇರಿಸಿ ಹ್ಯಾಶ್ ಪಡೆದು, ಅದನ್ನು ಮಾತ್ರ ಬ್ಲಾಕ್‌ಚೈನ್‌ನಲ್ಲಿ ದಾಖಲಿಸಬಹುದು. ಮೂಲ ಮಾಹಿತಿಯನ್ನೂ ಆ ಗೌಪ್ಯ ಸಂಖ್ಯೆಯನ್ನೂ ಅಳಿಸಿದ ನಂತರ, ಉಳಿದ ಹ್ಯಾಶ್‌ನಿಂದ ವ್ಯಕ್ತಿಯನ್ನು ಗುರುತಿಸುವುದು ಕಾರ್ಯತಃ ಸಾಧ್ಯವಾಗುವುದಿಲ್ಲ. ಪ್ರದರ್ಶನಕ್ಕೆ ನೈಜ ವ್ಯಕ್ತಿಗಳ ಮಾಹಿತಿಯನ್ನು ಬಳಸದೆ ಕಲ್ಪಿತ ಮಾಹಿತಿಯನ್ನೇ ಬಳಸತಕ್ಕದ್ದು.

7. ಖಾಸಗಿ ಕೀಲಿ ಹಾಗೂ ಪರೀಕ್ಷೆ

ಬ್ಲಾಕ್‌ಚೈನ್ ಖಾತೆಯ ಮೇಲಿನ ಸಂಪೂರ್ಣ ಅಧಿಕಾರವು ‘ಖಾಸಗಿ ಕೀಲಿ’ ಎಂಬ ಗೌಪ್ಯ ಸಂಖ್ಯೆಯಲ್ಲಿ ಅಡಗಿರುತ್ತದೆ. ತರಾತುರಿಯಲ್ಲಿ ಕೀಲಿಯನ್ನು ತಂತ್ರಾಂಶದ ಕಡತದಲ್ಲಿಯೇ ಬರೆದು ಪ್ರಕಟಿಸುವ ಸಂಭವವಿರುತ್ತದೆ. ಗಿಟ್ ವ್ಯವಸ್ಥೆಯು ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವುದರಿಂದ, ನಂತರ ಕಡತವನ್ನು ಅಳಿಸಿದರೂ ಕೀಲಿಯು ಇತಿಹಾಸದಲ್ಲಿ ಉಳಿಯುತ್ತದೆ. ಒಮ್ಮೆ ಪ್ರಕಟವಾದ ಕೀಲಿಯನ್ನು ಸೋರಿಕೆಯಾದುದೆಂದೇ ಭಾವಿಸಿ ಕೈಬಿಟ್ಟು, ಹೊಸ ಕೀಲಿಯನ್ನು ಪಡೆಯತಕ್ಕದ್ದು.

ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನ ದೋಷಗಳು ಎಂತಹ ಪರಿಣಾಮ ಬೀರಬಲ್ಲವು ಎಂಬುದಕ್ಕೆ ಎರಡು ಘಟನೆಗಳನ್ನು ಗಮನಿಸಬಹುದು. 2016ರ ಜೂನ್‌ನಲ್ಲಿ ‘ದಿ ಡಿಎಒ’ ಎಂಬ ಯೋಜನೆಯ ತಂತ್ರಾಂಶದ ದೋಷವನ್ನು ಬಳಸಿ ಸುಮಾರು 36 ಲಕ್ಷ ಈಥರ್‌ಗಳನ್ನು ಹೊರತೆಗೆಯಲಾಯಿತು. ಅದನ್ನು ಸರಿಪಡಿಸಲು ಮುಂದಿನ ತಿಂಗಳು ಇಥೀರಿಯಂ ಜಾಲವೇ ಎರಡಾಗಿ ಒಡೆಯಿತು. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಸಂಸ್ಥೆಯ ಜಂಟಿ ಸಹಿ ಖಾತೆಗಳಿಗೆ ಆಧಾರವಾಗಿದ್ದ ತಂತ್ರಾಂಶವನ್ನು ಬಳಕೆದಾರರೊಬ್ಬರು ನಿಷ್ಕ್ರಿಯಗೊಳಿಸಿದ್ದರಿಂದ 5 ಲಕ್ಷಕ್ಕೂ ಅಧಿಕ ಈಥರ್‌ಗಳು ಯಾರಿಗೂ ದೊರೆಯದಂತೆ ಸ್ತಬ್ಧವಾದವು. ಎರಡೂ ಸಂದರ್ಭಗಳಲ್ಲಿ ತಂತ್ರಾಂಶವು ಎಲ್ಲರ ಪರಿಶೀಲನೆಗೆ ಮುಕ್ತವಾಗಿಯೇ ಇತ್ತು. ಮುಕ್ತವಾಗಿರುವುದರಿಂದ ಪರಿಶೀಲನೆಗೆ ಅವಕಾಶ ದೊರೆಯುತ್ತದೆ. ಪರಿಶೀಲನೆಯು ತಾನಾಗಿಯೇ ನಡೆಯುವುದಿಲ್ಲ. ಈ ಕಾರಣದಿಂದ ಹ್ಯಾಕಥಾನ್‌ನಲ್ಲಿ ಸಿದ್ಧಪಡಿಸಿದ ಮಾದರಿಯನ್ನು ಪರೀಕ್ಷಾ ಜಾಲದಲ್ಲಿ ಮಾತ್ರ ನಡೆಸತಕ್ಕದ್ದು.

8. ಸಲ್ಲಿಕೆಗೆ ಮುನ್ನ ಪರಿಶೀಲನಾ ಪಟ್ಟಿ

(1) ಪರವಾನಗಿಯ ಪೂರ್ಣ ಪಠ್ಯವುಳ್ಳ ಕಡತವಿದೆಯೇ? ತಂಡದ ಎಲ್ಲರೂ ಒಪ್ಪಿರುವರೇ?
(2) ಬಳಸಿಕೊಂಡ ಇತರರ ತಂತ್ರಾಂಶಗಳ ಹೆಸರು ಹಾಗೂ ಪರವಾನಗಿಗಳನ್ನು ಪಟ್ಟಿ ಮಾಡಲಾಗಿದೆಯೇ?
(3) ಖಾಸಗಿ ಕೀಲಿ, ಗುಪ್ತಪದ ಅಥವಾ ನೈಜ ವ್ಯಕ್ತಿಗಳ ಮಾಹಿತಿ ಯಾವುದೇ ಹಳೆಯ ಆವೃತ್ತಿಯಲ್ಲಿ ಉಳಿದಿದೆಯೇ?
(4) ಹೊಸಬರೊಬ್ಬರು ವಿವರಣಾ ಕಡತವನ್ನು ಓದಿ ತಂತ್ರಾಂಶವನ್ನು ತಮ್ಮ ಗಣಕಯಂತ್ರದಲ್ಲಿ ನಡೆಸಲು ಸಾಧ್ಯವೇ?
(5) ‘ಇದು ಮಾದರಿ ಮಾತ್ರ, ನೈಜ ಬಳಕೆಗೆ ಪರೀಕ್ಷೆಯಾಗಿಲ್ಲ’ ಎಂಬ ಸೂಚನೆ ಇದೆಯೇ?

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಭ್ಯಾಸಕ್ಕಾಗಿ ಕ್ರಿಪ್ಟೋ ನಾಣ್ಯಗಳನ್ನು ಖರೀದಿಸಬೇಕೇ?
ಉತ್ತರ: ಅಗತ್ಯವಿಲ್ಲ. ಪರೀಕ್ಷಾ ಜಾಲಗಳ ನಾಣ್ಯಗಳಿಗೆ ಹಣದ ಮೌಲ್ಯವಿರುವುದಿಲ್ಲ; ಅವು ಉಚಿತವಾಗಿ ದೊರೆಯುತ್ತವೆ. ಭಾಗವಹಿಸಲು ನೈಜ ನಾಣ್ಯಗಳನ್ನು ಕಳುಹಿಸುವಂತೆ ಯಾರಾದರೂ ಕೇಳಿದಲ್ಲಿ ಕಳುಹಿಸಬಾರದು.

ಪ್ರಶ್ನೆ: ಪರೀಕ್ಷಾ ಜಾಲದಲ್ಲಿ ಇರಿಸಿದ ಮಾದರಿ ಶಾಶ್ವತವಾಗಿ ಉಳಿಯುವುದೇ?
ಉತ್ತರ: ಇಲ್ಲ. ಇಥೀರಿಯಂನ ರಾಪ್‌ಸ್ಟನ್ ಹಾಗೂ ಗೋರ್ಲಿ ಪರೀಕ್ಷಾ ಜಾಲಗಳು ಈಗಾಗಲೇ ಸ್ಥಗಿತಗೊಂಡಿವೆ. ಮೂಲ ತಂತ್ರಾಂಶ ಮತ್ತು ವಿವರಣೆಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಮುಕ್ತ ಪರವಾನಗಿಯಡಿ ನೀಡಿದ ನಂತರ ಅದೇ ತಂತ್ರಾಂಶದಿಂದ ಉದ್ಯಮ ಆರಂಭಿಸಬಹುದೇ?
ಉತ್ತರ: ಆರಂಭಿಸಬಹುದು. ಹಕ್ಕನ್ನು ವಹಿಸಿಕೊಡದಿದ್ದಲ್ಲಿ ಅದು ತಂಡದಲ್ಲಿಯೇ ಇರುತ್ತದೆ. ಆದರೆ ಇತರರೂ ಪರವಾನಗಿಯ ಷರತ್ತಿನಂತೆ ಅದನ್ನು ಬಳಸುವುದನ್ನು ತಡೆಯಲು ಬರುವುದಿಲ್ಲ.

ಪ್ರಶ್ನೆ: ಬಹುಮಾನ ಬಾರದಿದ್ದಲ್ಲಿ ಶ್ರಮ ವ್ಯರ್ಥವೇ?
ಉತ್ತರ: ಇಲ್ಲ. ಸ್ಪಷ್ಟ ಪರವಾನಗಿ ಮತ್ತು ವಿವರಣೆಯುಳ್ಳ ತಂತ್ರಾಂಶವನ್ನು ಮುಂದಿನ ವರ್ಷದ ವಿದ್ಯಾರ್ಥಿಗಳು ಮುಂದುವರಿಸಬಹುದು. ಅದು ಉದ್ಯೋಗ ಹಾಗೂ ಉನ್ನತ ವ್ಯಾಸಂಗದ ಅರ್ಜಿಗಳಲ್ಲಿ ತೋರಿಸಬಹುದಾದ, ಯಾರು ಬೇಕಾದರೂ ಪರಿಶೀಲಿಸಬಹುದಾದ ಕೆಲಸವೂ ಆಗಿರುತ್ತದೆ.

ಸೂಚನೆ: ಮೇಲಿನ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಆಯಾ ಸ್ಪರ್ಧೆಯ ಅಧಿಕೃತ ಪ್ರಕಟಣೆಯಲ್ಲಿನ ನಿಯಮಗಳೇ ಅಂತಿಮವಾಗಿದ್ದು, ಅರ್ಜಿ ಸಲ್ಲಿಸುವ ಮುನ್ನ ಅವುಗಳನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.