ತೆರೆಯ ಮೇಲಿನ ವಿಕ್ಟೋರಿಯಾ ಯುಗ: ಪಾತ್ರಕ್ಕೆ ತಕ್ಕ ಕೇಶವಿನ್ಯಾಸದ ಬೆಳವಣಿಗೆ

ರಾಣಿ ವಿಕ್ಟೋರಿಯಾ ಇಂಗ್ಲೆಂಡನ್ನು ಆಳಿದ 1837ರಿಂದ 1901ರವರೆಗಿನ ಅವಧಿಯನ್ನು ವಿಕ್ಟೋರಿಯಾ ಯುಗವೆಂದು ಕರೆಯುವುದು ರೂಢಿ. ಈ ಯುಗದ ಕಥೆಗಳನ್ನು ಹೇಳುವ ಚಲನಚಿತ್ರ ಮತ್ತು ಧಾರಾವಾಹಿಗಳಲ್ಲಿ ಉಡುಪಿಗೆ ಸಂದಷ್ಟು ಗಮನ ಕೇಶವಿನ್ಯಾಸಕ್ಕೆ ಬಹುಕಾಲ ಸಲ್ಲಲಿಲ್ಲ. ಆದರೆ ಕ್ಲೋಸ್‌ಅಪ್ ದೃಶ್ಯದಲ್ಲಿ ಉಡುಪಿನ ಹೆಚ್ಚಿನ ಭಾಗ ಚೌಕಟ್ಟಿನ ಹೊರಗುಳಿದು ಮುಖದೊಡನೆ ಕೂದಲೇ ಉಳಿಯುವುದರಿಂದ, ಪಾತ್ರದ ಕಾಲ, ವಯಸ್ಸು, ಅಂತಸ್ತುಗಳನ್ನು ಪ್ರೇಕ್ಷಕರಿಗೆ ತಿಳಿಸುವ ಹೊಣೆ ಅದರ ಮೇಲೆ ಬೀಳುತ್ತದೆ. ತಾರೆಯ ಚೆಲುವಿಗೆ ಒಪ್ಪುವ ಅಲಂಕಾರವಾಗಿ ಆರಂಭವಾದ ಈ ಕಲೆ, ದಾಖಲೆಗಳಿಗೆ ನಿಷ್ಠವಾದ ಪುನರ್ರಚನೆಯ ಹಂತವನ್ನು ದಾಟಿ, ಪಾತ್ರದ ಬದುಕಿನಿಂದಲೇ ಹುಟ್ಟುವ ವಿನ್ಯಾಸವಾಗಿ ಬೆಳೆದಿದೆ. ಆ ತಲೆ ಯಾವ ವರ್ಷದ್ದು ಎಂಬ ಪ್ರಶ್ನೆಯ ಜೊತೆಗೆ ಅದನ್ನು ಬಾಚಿದ ಕೈ ಯಾರದು ಎಂಬ ಪ್ರಶ್ನೆಯೂ ಸೇರಿಕೊಂಡಾಗ ಈ ಕಲೆ ಪ್ರೌಢವಾಯಿತೆಂಬುದನ್ನು ಅದರ ಚರಿತ್ರೆ ತೋರಿಸುತ್ತದೆ.

ಅರವತ್ತನಾಲ್ಕು ವರ್ಷಗಳ ಈ ಅವಧಿಗೆ ಒಂದೇ ಬಗೆಯ ಕೇಶವಿನ್ಯಾಸವಿರಲಿಲ್ಲ. 1840ರ ದಶಕದಲ್ಲಿ ನಡುಬೈತಲೆ ತೆಗೆದು, ಎರಡೂ ಬದಿಯ ಕೂದಲನ್ನು ಕಿವಿ ಮುಚ್ಚುವಂತೆ ನುಣುಪಾಗಿ ಇಳಿಸಿ, ಹಿಂದೆ ಕಟ್ಟುವುದು ಸಾಮಾನ್ಯವಾಗಿತ್ತು. ಕೆನ್ನೆಗಳ ಇಕ್ಕೆಲದಲ್ಲಿ ಉದ್ದನೆಯ ಸುರುಳಿಗಳನ್ನು ಇಳಿಬಿಡುವುದೂ ಇತ್ತು. ನಂತರದ ಎರಡು ದಶಕಗಳಲ್ಲಿ ಬದಿಯ ಕೂದಲು ಉಬ್ಬಿಕೊಂಡು, ತುರುಬು ಕತ್ತಿನ ಮೇಲೆ ತಗ್ಗಿ ಕುಳಿತು, ಕೆಲವೊಮ್ಮೆ ಬಲೆಯೊಳಗೆ ಸೇರಿತು. 1870ರ ದಶಕದಲ್ಲಿ ಕೂದಲ ರಾಶಿ ನೆತ್ತಿಗೆ ಏರಿ ಜಡೆ, ಕುಣಿಕೆ, ಸುರುಳಿಗಳಾಗಿ ಹಿಂದಕ್ಕೆ ಇಳಿಯಿತು. ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೊ ಕಾಸಿದ ಇಕ್ಕಳದಿಂದ ಕೂದಲಿಗೆ ಅಲೆಗಳ ರೂಪ ಕೊಡುವ ವಿಧಾನವನ್ನು ರೂಪಿಸಿದ್ದು ಇದೇ ದಶಕದಲ್ಲಿ. 1880ರ ದಶಕದಲ್ಲಿ ಯುವರಾಣಿ ಅಲೆಕ್ಸಾಂಡ್ರಾಳ ಮಾದರಿಯ ಗುಂಗುರು ಮುಂಗುರುಳು ಜನಪ್ರಿಯವಾಯಿತು. ಶತಮಾನದ ಕೊನೆಯಲ್ಲಿ ಮುಖದ ಸುತ್ತ ಉಬ್ಬಿಸಿ ನೆತ್ತಿಯಲ್ಲಿ ಗಂಟು ಹಾಕುವ ರೀತಿ ಬಂದಿತು. ಹೀಗಾಗಿ ಹತ್ತು ವರ್ಷ ತಪ್ಪಿದರೂ ಪಾತ್ರ ಬೇರೊಂದು ಪೀಳಿಗೆಗೆ ಸೇರಿಬಿಡುತ್ತದೆ.

ಈ ರೂಪಗಳ ಹಿಂದೆ ಕಟ್ಟುನಿಟ್ಟಾದ ಸಾಮಾಜಿಕ ನಿಯಮಗಳಿದ್ದವು. ಬಾಲಕಿಯರು ಕೂದಲನ್ನು ಇಳಿಬಿಡುತ್ತಿದ್ದರು. ಹದಿಹರೆಯ ಮುಗಿಯುವ ಹೊತ್ತಿಗೆ ಅದನ್ನು ಮೇಲೆತ್ತಿ ಕಟ್ಟುವುದು ಪ್ರೌಢ ಹೆಣ್ಣೆಂಬುದರ ಗುರುತಾಗಿತ್ತು. ಆಮೇಲೆ ಬಿಚ್ಚಿದ ಕೂದಲು ಮಲಗುವ ಕೋಣೆಗೆ ಮಾತ್ರ ಸಲ್ಲುವ ಸಂಗತಿಯಾಗಿತ್ತು. ಬಾಚುವಾಗ ಉದುರಿದ ಕೂದಲನ್ನು ಕನ್ನಡಿಯ ಮುಂದಿನ ಪುಟ್ಟ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನೇ ಉಂಡೆಮಾಡಿ ಒಳಗಿಟ್ಟು ತುರುಬನ್ನು ಉಬ್ಬಿಸುತ್ತಿದ್ದರು. ನಮ್ಮ ಚೌರಿಯಂತಹ ಕೃತಕ ಜಡೆಗಳೂ ಮಾರಾಟಕ್ಕಿದ್ದವು. ಗಂಡಸರಲ್ಲಿ ಕ್ರಿಮಿಯಾ ಯುದ್ಧದ (1853–56) ಸೈನಿಕರ ಗಡ್ಡ ನಾಗರಿಕರಿಗೂ ಮಾದರಿಯಾಯಿತು. ಗಂಡಸರು ತಲೆಗೆ ಹಚ್ಚುತ್ತಿದ್ದ ಮಕಾಸರ್ ಎಣ್ಣೆಯ ಕಲೆ ತಗಲದಿರಲೆಂದು ಕುರ್ಚಿಯ ಬೆನ್ನಿಗೆ ಬಟ್ಟೆ ಹೊದಿಸುವ ಪದ್ಧತಿಯೂ ಬೆಳೆಯಿತು.

ವಿನ್ಯಾಸಕಾರರಿಗೆ ಇದನ್ನೆಲ್ಲ ತಿಳಿಸುವ ಆಕರಗಳು ಹೇರಳವಾಗಿವೆ. 1839ರಲ್ಲಿ ಛಾಯಾಚಿತ್ರಕಲೆ ಸಾರ್ವಜನಿಕವಾಯಿತು. 1854ರಲ್ಲಿ ಫ್ರಾನ್ಸಿನ ಡಿಸ್ಡೇರಿ ಪೇಟೆಂಟ್ ಪಡೆದ ಕಾರ್ಡ್ ಗಾತ್ರದ ಭಾವಚಿತ್ರಗಳು ಮಧ್ಯಮವರ್ಗದ ಮುಖಗಳನ್ನೂ ದಾಖಲಿಸಿದವು. ಆದರೆ ಈ ಆಕರಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಫ್ಯಾಷನ್ ಪತ್ರಿಕೆಯ ಚಿತ್ರ ತೋರಿಸುವುದು ಆಗಿನವರ ಬಯಕೆಯನ್ನು. ಸ್ಟುಡಿಯೊ ಭಾವಚಿತ್ರದಲ್ಲಿರುವುದು ಅಂದಿಗಾಗಿಯೇ ಸಿಂಗರಿಸಿಕೊಂಡ ತಲೆ. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ತೆಗೆದ ಚಿತ್ರಗಳಲ್ಲಿನ ಹರಡಿದ ಕೂದಲು ಕಲಾವಿದೆಯ ಕಲ್ಪನೆಗೆ ಸೇರಿದ್ದೇ ಹೊರತು ಬೀದಿಯ ರೂಢಿಗಲ್ಲ. ಆರ್ಥರ್ ಮನ್ಬಿ ಸಂಗ್ರಹಿಸಿದ, ವಿಗನ್ ಕಲ್ಲಿದ್ದಲು ಗಣಿಗಳ ಕಾರ್ಮಿಕ ಹೆಂಗಸರ ಭಾವಚಿತ್ರಗಳು ಅಮೂಲ್ಯವೆನಿಸುವುದು ಈ ಕಾರಣಕ್ಕಾಗಿ: ದುಡಿಯುವ ತಲೆ ಹೇಗಿತ್ತೆಂಬುದಕ್ಕೆ ಅವು ಅಪರೂಪದ ಸಾಕ್ಷ್ಯ.

ಹಾಲಿವುಡ್‌ನ ಸ್ಟುಡಿಯೊ ಯುಗ ಈ ಸಾಕ್ಷ್ಯಗಳನ್ನು ತನಗೆ ಬೇಕಾದಷ್ಟೇ ಬಳಸಿಕೊಂಡಿತು. 1939ರ ‘ವದರಿಂಗ್ ಹೈಟ್ಸ್’ ಚಿತ್ರದಲ್ಲಿ ಹದಿನೆಂಟನೆಯ ಶತಮಾನದ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಸರಿಸಿದ್ದು, ಕಾಲವೆಂಬುದು ಆಗ ಚೆಲುವಿನ ಆಯ್ಕೆಯೂ ಆಗಿತ್ತೆಂಬುದನ್ನು ಸೂಚಿಸುತ್ತದೆ. ನಾಯಕಿಯ ತಲೆಯ ಹಿಂಭಾಗ ಕಥೆಯ ಕಾಲಕ್ಕೆ ಒಪ್ಪಿದರೂ ಹಣೆಯ ಸುತ್ತಲಿನ ಭಾಗ ಚಿತ್ರ ತಯಾರಾದ ಕಾಲದ ರುಚಿಗೆ ಒಲಿಯುತ್ತಿತ್ತು. ಈ ಒಲವು ಬೇಗ ಅಳಿಯಲಿಲ್ಲ. ಥಾಮಸ್ ಹಾರ್ಡಿಯ ಕಾದಂಬರಿಯನ್ನು ಆಧರಿಸಿದ 1967ರ ‘ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್’ನಲ್ಲಿ ಜೂಲಿ ಕ್ರಿಸ್ಟಿಯ ಕೂದಲಿನಲ್ಲಿ 1960ರ ದಶಕದ ಲಂಡನ್ ಎದ್ದು ಕಾಣುತ್ತದೆ.

1990ರ ದಶಕದ ಚಿತ್ರಗಳಲ್ಲಿ ತಿರುವು ಸ್ಪಷ್ಟವಾಗಿ ಗೋಚರಿಸುತ್ತದೆ. ಜೇನ್ ಕ್ಯಾಂಪಿಯನ್ ಅವರ ‘ದಿ ಪಿಯಾನೊ’ (1993) ಚಿತ್ರದ ಮಾತನಾಡದ ನಾಯಕಿಯ ಬಿಗಿದು ಬಾಚಿದ ನಡುಬೈತಲೆ ಅವಳ ಮುಖವನ್ನು ಮರೆಯಿಲ್ಲದೆ ತೆರೆದಿಡುತ್ತದೆ. ಚೆಲುವಿಗಾಗಿ ಒಂದು ಎಳೆಯನ್ನೂ ಸಡಿಲಿಸದ ಆ ಧೈರ್ಯವೇ ಪಾತ್ರದ ಹಟವನ್ನು ಪ್ರೇಕ್ಷಕರಿಗೆ ಮುಟ್ಟಿಸುತ್ತದೆ. 1880ರ ದಶಕದ ಲಂಡನ್ ರಂಗಭೂಮಿಯನ್ನು ಚಿತ್ರಿಸಿದ ಮೈಕ್ ಲೀ ಅವರ ‘ಟಾಪ್ಸಿ-ಟರ್ವಿ’ (1999) ವೇದಿಕೆಯ ವಿಗ್‌ಗಳನ್ನೂ ಅದೇ ನಟರ ದಿನನಿತ್ಯದ ತಲೆಯನ್ನೂ ಬೇರೆಬೇರೆಯಾಗಿ ತೋರಿಸಬೇಕಿತ್ತು. ಆ ಕೆಲಸ ಕ್ರಿಸ್ಟೀನ್ ಬ್ಲಂಡೆಲ್ ಮತ್ತು ಟ್ರೆಫರ್ ಪ್ರೌಡ್ ಅವರಿಗೆ ಆಸ್ಕರ್ ತಂದಿತು. ‘ದಿ ಯಂಗ್ ವಿಕ್ಟೋರಿಯಾ’ (2009) ಚಿತ್ರಕ್ಕೆ ಜೆನ್ನಿ ಶರ್ಕೋರ್ ಬಾಫ್ಟಾ ಪ್ರಶಸ್ತಿ ಪಡೆದರು. ಆಸ್ಕರ್‌ನ ಪ್ರಸಾಧನ ವಿಭಾಗದ ಹೆಸರಿಗೆ ಕೇಶವಿನ್ಯಾಸವೂ ಸೇರಿದ್ದು 2012ರಲ್ಲಿ. ತೆರೆಯ ಮೇಲೆ ಸಾಧಿತವಾದುದಕ್ಕೆ ಅಧಿಕೃತ ಮನ್ನಣೆ ಇಷ್ಟು ತಡವಾಗಿ ದೊರೆಯಿತು.

ಈ ವಿನ್ಯಾಸದ ತಾಂತ್ರಿಕ ಬೆನ್ನೆಲುಬು ವಿಗ್. ಇಂದಿನ ನಟಿಯರ ಪದರ ಪದರವಾಗಿ ಕತ್ತರಿಸಿದ, ಶಾಂಪೂ ಹಾಕಿ ತೊಳೆದ ಕೂದಲು ಜಾರುತ್ತದೆ. ವಿಕ್ಟೋರಿಯಾ ಕಾಲದ ಕೂದಲನ್ನು ಅಪರೂಪಕ್ಕೆ ತೊಳೆದು, ಜಿಡ್ಡು ಹಚ್ಚಿ, ನಿತ್ಯವೂ ಬ್ರಷ್ಷಿನಿಂದ ತಿಕ್ಕುತ್ತಿದ್ದುದರಿಂದ ಅದಕ್ಕೆ ತೂಕವೂ ಹಿಡಿತವೂ ಇದ್ದವು. ಉತ್ತಮ ವಿಗ್ ತಯಾರಿಸುವಾಗ ತೆಳುವಾದ ಲೇಸ್ ಬಟ್ಟೆಯ ಕಣ್ಣುಗಳಿಗೆ ಸಣ್ಣ ಕೊಕ್ಕೆಯಿಂದ ಕೂದಲನ್ನು ಗಂಟು ಹಾಕುತ್ತಾರೆ. ಹಣೆಯ ಅಂಚಿನಲ್ಲಿ ಒಂದೊಂದೇ ಎಳೆ ಕಟ್ಟಿದರೆ ಮಾತ್ರ ಅದು ಚರ್ಮದಿಂದಲೇ ಬೆಳೆದಂತೆ ಕಾಣುತ್ತದೆ. ಕ್ಯಾಮರಾದ ಸೂಕ್ಷ್ಮತೆ ಹೆಚ್ಚಿದಂತೆ ಈ ಅಂಚಿನ ಕೆಲಸ ಇನ್ನಷ್ಟು ನಾಜೂಕಾಗಿದೆ. ಜಾಗತಿಕ ವಿಗ್ ಉದ್ಯಮಕ್ಕೆ ಕೂದಲನ್ನು ಒದಗಿಸುವ ದೇಶಗಳಲ್ಲಿ ಭಾರತ ಮುಖ್ಯವಾದುದು: ತಿರುಮಲೆಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗುತ್ತದೆ, ಕೊಪ್ಪಳದ ಭಾಗ್ಯನಗರದಲ್ಲಿ ಕೂದಲನ್ನು ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ರಫ್ತಿಗೆ ಅಣಿಗೊಳಿಸುವ ಕಸುಬು ಬೆಳೆದಿದೆ.

ಇಂದಿನ ವಿನ್ಯಾಸಕ್ರಮವನ್ನು ಒಂದು ಪಾತ್ರದ ಮೂಲಕ ವಿವರಿಸಬಹುದು. 1840ರ ದಶಕದ ಗವರ್ನೆಸ್ ಎಂದರೆ ಸಿರಿವಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಬಡ ಶಿಕ್ಷಕಿ. ಅವಳಿಗೆ ತಲೆ ಬಾಚುವ ದಾಸಿಯಿಲ್ಲ. ಆದ್ದರಿಂದ ಪುಟ್ಟ ಕನ್ನಡಿಯ ಮುಂದೆ ಅವಳ ಎರಡೇ ಕೈಗಳಿಗೆ ಸಾಧ್ಯವಾಗುವುದಷ್ಟೇ ವಿನ್ಯಾಸದ ಎಲ್ಲೆ. ಹಣೆಯಿಂದ ನೆತ್ತಿಗೆ ಒಂದು ಬೈತಲೆ, ಕಿವಿಯಿಂದ ಕಿವಿಗೆ ಇನ್ನೊಂದು ಗೆರೆ ತೆಗೆದು, ಹಿಂಭಾಗವನ್ನು ಜಡೆ ಹೆಣೆದು ಸುತ್ತಿ ಪಿನ್ನು ಚುಚ್ಚಿ, ಮುಂದಿನ ಎರಡು ಪಾಲುಗಳನ್ನು ಜಿಡ್ಡು ಸವರಿ ಕಿವಿಯ ಮೇಲಿಂದ ಒಯ್ದು ತುದಿಗಳನ್ನು ತುರುಬಿನಡಿ ಅಡಗಿಸಿದರೆ ಅವಳ ತಲೆ ಸಿದ್ಧ. ಅದೇ ಮನೆಯ ಒಡತಿಯ ಕೆನ್ನೆಯ ಸುರುಳಿಗಳು ರಾತ್ರಿಯಿಡೀ ಬಟ್ಟೆಯ ಚೂರುಗಳಲ್ಲಿ ಸುತ್ತಿಟ್ಟವು, ಬೆಳಿಗ್ಗೆ ಇನ್ನೊಬ್ಬಳು ಬಿಡಿಸಿ ಸರಿಸಮನಾಗಿ ಜೋಡಿಸಿದವು. ಅಡುಗೆಯಾಳಿನ ಕೂದಲು ಕುಲಾವಿಯೊಳಗೆ ಮರೆ. ಮೂವರೂ ಒಂದೇ ವರ್ಷದವರು, ಆದರೆ ಅವರ ತಲೆಗಳ ನಡುವಿನ ಅಂತರವೇ ಆ ಮನೆಯ ಶ್ರೇಣಿಯನ್ನು ತಿಳಿಸುತ್ತದೆ. ಬಿರುಗಾಳಿಯಲ್ಲಿ ನಡೆದುಬಂದ ದೃಶ್ಯದಲ್ಲಿ ಯಾವ ಎಳೆ ಮೊದಲು ಸಡಿಲುತ್ತದೆಂಬುದೂ ನಿರ್ಧಾರಕ್ಕೆ ಬರಬೇಕಾದ ವಿಷಯ. ಹೀಗೆ ಸಡಿಲಿದ ಪ್ರತಿ ಹಂತವನ್ನು ಛಾಯಾಚಿತ್ರ ತೆಗೆದಿಟ್ಟುಕೊಂಡೇ ಮುಂದಿನ ಚಿತ್ರೀಕರಣ ನಡೆಯುತ್ತದೆ.

ಈ ಕ್ಷೇತ್ರದ ಮುಂದಿನ ಸವಾಲು ಬಿಳಿಯರಲ್ಲದ ವಿಕ್ಟೋರಿಯಾ ಕಾಲದವರನ್ನು ಕುರಿತದ್ದು. ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿದ, ರಾಣಿಯ ಆಶ್ರಯದಲ್ಲಿದ್ದ ಸಾರಾ ಫೋರ್ಬ್ಸ್ ಬೊನೆಟಾಳನ್ನು 1862ರಲ್ಲಿ ಕಮಿಲ್ ಸಿಲ್ವಿ ಛಾಯಾಚಿತ್ರದಲ್ಲಿ ಸೆರೆಹಿಡಿದ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾಳನ್ನೇ ಧರ್ಮಮಾತೆಯಾಗಿ ಪಡೆದು ಅಲ್ಲಿಯೇ ಬೆಳೆದು 1864ರಲ್ಲಿ ತೀರಿಕೊಂಡಳು. ವಿಂಟರ್‌ಹಾಲ್ಟರ್ ಬರೆದ ಅವಳ ಚಿತ್ರವೂ ಮರೋಕೆಟ್ಟಿ ಕಡೆದ ಪ್ರತಿಮೆಯೂ ಉಳಿದಿವೆ. ಇಂಥವರ ಕಥೆಯನ್ನು ತೆರೆಗೆ ತರುವವರಿಗೆ ಆಂಗ್ಲ ಫ್ಯಾಷನ್ ಪತ್ರಿಕೆಯ ಪುಟಗಳು ಸಾಲುವುದಿಲ್ಲ. ಕೊಡಗಿನ ಅರಮನೆಯ ಬಾಲೆಯ ತಲೆಗೆ ಇಂಗ್ಲಿಷ್ ಮನೆಯಲ್ಲಿ ಯಾರ ಬಾಚಣಿಗೆ ತಾಗಿತು, ಹಳೆಯ ರೂಢಿಯಲ್ಲಿ ಯಾವುದನ್ನು ಉಳಿಸಿಕೊಳ್ಳಲು ಅವಳಿಗೆ ಅವಕಾಶವಿತ್ತು ಎಂಬುದನ್ನು ವಿಚಾರಿಸಿದಾಗಲೇ ಅವಳ ತುರುಬು ಅವಳದಾಗುತ್ತದೆ. ರಾಣಿಗೂ ಗವರ್ನೆಸ್‌ಗೂ ಸಂದ ಈ ಶ್ರದ್ಧೆ ಗೌರಮ್ಮನಂತಹವರಿಗೂ ಸಲ್ಲಬೇಕಾದದ್ದು ನ್ಯಾಯ.