ಸಣ್ಣ ಕಾರಿಗೆ ದೊಡ್ಡ ಗಾಳಿ

ಊರಿಗೆ ಕಾರಿನಲ್ಲೇ ಹೋಗಿಬರುವ ನಮ್ಮ ಸದಸ್ಯ ಬಂಧುಗಳಿಗೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಪರಿಚಿತವೇ. ಪುಣೆಯಿಂದ ಬೆಂಗಳೂರು ದಾರಿ ಹಿಡಿದವರ ಮಕ್ಕಳು ಅವುಗಳನ್ನು ಕಂಡೊಡನೆ ಎಣಿಸತೊಡಗುತ್ತಾರೆ. ಆ ಯಂತ್ರಗಳನ್ನು ಅಲ್ಲೇ ಏಕೆ ನೆಟ್ಟರು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು 2011ರ ಆಷಾಢದಲ್ಲಿ.

ಹಿರಿಯೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಪುಣೆಗೆ ಮರಳುತ್ತಿದ್ದೆವು. ನನ್ನದು ಎರಡನೇ ಕೈಯಲ್ಲಿ ಕೊಂಡ ಮಾರುತಿ 800. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ನಡುವೆ ಮಗಳು. ಡಿಕ್ಕಿಯಲ್ಲಿ ರಾಗಿಹಿಟ್ಟು, ಉಪ್ಪಿನಕಾಯಿ ಜಾಡಿ, ಇಪ್ಪತ್ತೈದು ತೆಂಗಿನಕಾಯಿ. ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಅಕ್ಕಿ ಮೂಟೆ ಮತ್ತು ಎರಡು ಸೂಟ್‌ಕೇಸು. ಊರಿನಿಂದ ಬರಿಗೈಯಲ್ಲಿ ಬರುವವರು ನಮ್ಮಲ್ಲಿ ಯಾರಿದ್ದಾರೆ! ದುರ್ಗ ಸಮೀಪಿಸುವಾಗ ಒಂದು ದೊಡ್ಡ ಲಾರಿಯನ್ನು ಹಿಂದೆ ಹಾಕಿದೆ. ಲಾರಿಯ ಮರೆ ತಪ್ಪಿದ್ದೇ ತಡ, ಎಡಗಡೆಯಿಂದ ಯಾರೋ ಭುಜ ಹಿಡಿದು ನೂಕಿದಂತಾಯಿತು. ಕಾರು ಬಲಕ್ಕೆ ನಡುವಣ ವಿಭಜಕದತ್ತ ಸರಿಯಿತು. ನಾನು ಸ್ಟಿಯರಿಂಗ್ ಎಡಕ್ಕೆ ಎಳೆದೆ. ಅಷ್ಟರಲ್ಲಿ ಸೇತುವೆಯೊಂದರ ಕೀಲಿನ ಮೇಲೆ ಚಕ್ರಗಳು ಕುಪ್ಪಳಿಸಿದವು. ಒಂದೆರಡು ಕ್ಷಣ ಕಾರು ನನ್ನ ಮಾತು ಕೇಳಲಿಲ್ಲ. ಹೇಗೋ ಸುಧಾರಿಸಿತು. ನನ್ನ ಹೆಂಡತಿ ಮಾತಾಡಲಿಲ್ಲ. ಅಪ್ಪ ಮಾತ್ರ ಹಿಂದಿನಿಂದ, "ಏನೋ, ತೂಕಡಿಸ್ತಿದೀಯೇನೋ?" ಎಂದರು.

ನಾನು ತೂಕಡಿಸಿರಲಿಲ್ಲ. ಆದರೆ ಕಾರು ದಾರಿ ತಪ್ಪಿದರೆ ಮೊದಲು ಓಡಿಸುವವನ ಮೇಲೆಯೇ ಆರೋಪ. ಇದು ಅಪ್ಪ ಮಾತ್ರ ಹೇಳುವ ಮಾತಲ್ಲ, ಜಗತ್ತಿನ ದೊಡ್ಡ ದೊಡ್ಡ ಕಾರು ಕಂಪನಿಗಳೂ ಹೇಳುತ್ತ ಬಂದ ಮಾತು ಎಂದು ಆಮೇಲೆ ಓದಿ ತಿಳಿದೆ. ಬಿ.ಎಸ್ಸಿ. ಓದಿ ಕಡತಗಳ ನಡುವೆ ಕುಳಿತವನಿಗೆ ಹಳೆಯ ಭೌತಶಾಸ್ತ್ರ ಉಪಯೋಗಕ್ಕೆ ಬರುವ ಸಂದರ್ಭಗಳು ಕಡಿಮೆ. ಇದು ಅಂಥದೊಂದು.

ಗಂಟೆಗೆ 54 ಕಿಲೋಮೀಟರ್ ವೇಗದ ಅಡ್ಡಗಾಳಿ ಒಂದು ಪುಟ್ಟ ಕಾರಿನ ಪಕ್ಕಕ್ಕೆ ಬಡಿದರೆ ಅದರ ಒತ್ತಡ ಸುಮಾರು 50 ಕಿಲೋ ಭಾರದಷ್ಟು. ಕಾರು ಓಡುತ್ತಿದ್ದರೆ ಇನ್ನೂ ಹೆಚ್ಚು. ಅಂಬಾಸಿಡರ್‌ಗೆ ಇದು ಅಷ್ಟೇನೂ ಅಲ್ಲ, ಅದು ಸಾವಿರ ಕಿಲೋ ಮೀರಿದ ಗಾಡಿ. ಮಾರುತಿ 800 ಖಾಲಿ ಇದ್ದಾಗ ಸುಮಾರು 650 ಕಿಲೋ. ಆದರೆ ನೂಕಿನ ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ಅದು ಬೀಳುವ ಜಾಗ. ಬಾಣವನ್ನು ನೆನೆಸಿಕೊಳ್ಳಿ. ಅದರ ಭಾರ ಮುಂದೆ, ಗರಿ ಹಿಂದೆ. ಗಾಳಿ ಗರಿಗೆ ತಾಗಿ ಬಾಲವನ್ನು ಸರಿಪಡಿಸುತ್ತದೆ, ಬಾಣ ನೇರ ಹೋಗುತ್ತದೆ. ಕಾರಿನದು ಉಲ್ಟಾ. ಓಡುವ ಕಾರಿಗೆ ಅಡ್ಡಗಾಳಿಯ ನೂಕು ಸಾಮಾನ್ಯವಾಗಿ ಮುಂಭಾಗದಲ್ಲೇ ಹೆಚ್ಚು. ಭಾರದ ಕೇಂದ್ರ ಅದರಿಂದ ಎಷ್ಟು ಹಿಂದಿದೆಯೋ ಅಷ್ಟು ಜೋರಾಗಿ ಮೂತಿ ತಿರುಗುತ್ತದೆ. ಬಾಣವನ್ನು ಗರಿ ಮುಂದಾಗಿ ಎಸೆದಂತೆ.

ಇಷ್ಟು ಗೊತ್ತಿದ್ದೂ ಅಗ್ಗದ ಕಾರು ಕಟ್ಟಿದವರು ಬಹಳ ಕಾಲ ಇಂಜಿನ್ನನ್ನು ಹಿಂದೆಯೇ ಇಟ್ಟರು. ಕಾರಣ ಮೂರ್ಖತನವಲ್ಲ, ಖರ್ಚು. ಇಂಜಿನ್ ಹಿಂದಿದ್ದು ಹಿಂದಿನ ಚಕ್ರವನ್ನೇ ತಿರುಗಿಸಿದರೆ ಕಾರಿನ ಉದ್ದಕ್ಕೂ ಹಾಯುವ ಉಕ್ಕಿನ ದಂಡ ಬೇಕಿಲ್ಲ, ಒಳಗೆ ಕಾಲು ಚಾಚಲು ಜಾಗ. ಮುಂದಿನ ಚಕ್ರ ತಿರುಗಿಸುವುದಾದರೆ, ತಿರುವಿನಲ್ಲೂ ಸಮವಾಗಿ ಸುತ್ತುವ ವಿಶೇಷ ಕೀಲುಗಳು ಬೇಕು. ಆಗ ಅವು ದುಬಾರಿ. ಜೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿಯಲ್ಲಿ ಹಾನ್ಸ್ ಲೆಡ್ವಿಂಕಾ 1930ರ ದಶಕದಲ್ಲಿ ಹಿಂದೆ ಇಂಜಿನ್ ಇರುವ, ಮೀನಿನಂತೆ ನುಣುಪಾದ ಕಾರುಗಳನ್ನು ತಯಾರಿಸಿದ. ಅವನ ಟಾಟ್ರಾ 87ರ ಬೆನ್ನಿನ ಮೇಲೆ ಮೀನಿನ ಈಜುರೆಕ್ಕೆಯಂತಹ ಒಂದು ತಗಡು ನಿಂತಿರುತ್ತಿತ್ತು. ಅಲಂಕಾರವೆಂದುಕೊಂಡರೆ ತಪ್ಪು, ಅದು ಬಾಣದ ಗರಿಯ ಕೆಲಸಕ್ಕೆ ಇಟ್ಟದ್ದು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಜನರ ಕಾರು, ನಾವು ಬೀಟಲ್ ಎನ್ನುವ ಫೋಕ್ಸ್‌ವ್ಯಾಗನ್, ಇದಕ್ಕೂ ಇಂಜಿನ್ ಹಿಂದೆ. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ಹೊರಬರುವ ವೇಳೆಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್‌ಗಳಾಗಿದ್ದವು. ಗಾಳಿಯಲ್ಲಿ ಅಲೆದಾಡುವ ಅದರ ಸ್ವಭಾವ ಓಡಿಸಿದವರಿಗೆಲ್ಲ ಗೊತ್ತಿತ್ತು. ಇಟಲಿಯಲ್ಲಿ ಫಿಯೆಟ್ 600 (1955), 500 (1957) ಕೂಡ ಇದೇ ಜಾತಿ.

ಬೀಟಲ್‌ಗೆ ಇನ್ನೊಂದು ತೊಡಕಿತ್ತು. ಅದರ ಹಿಂದಿನ ಅಚ್ಚು ಎರಡು ತುಂಡು. ಗೇರುಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಹಕ್ಕಿಯ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತವೆ. ಒರಟು ರಸ್ತೆಯಲ್ಲಿ ಒಂದು ಚಕ್ರ ಏರಿದರೆ ಇನ್ನೊಂದಕ್ಕೆ ತಿಳಿಯುವುದೇ ಇಲ್ಲ, ಸುಖ ಪ್ರಯಾಣ. ಆದರೆ ಅವಸರದ ತಿರುವಿನಲ್ಲಿ ಹಿಂಭಾಗ ಮೇಲೆದ್ದರೆ ಹೊರಗಡೆಯ ಚಕ್ರ ಕಾಲು ಉಳುಕಿದಂತೆ ಒಳಕ್ಕೆ ಮಡಚುತ್ತದೆ. ಹಿಡಿತ ಹೋಯಿತೆಂದರೆ ಇಂಜಿನ್ನಿನ ಭಾರವೇ ಕಾರನ್ನು ಬುಗುರಿಯಂತೆ ತಿರುಗಿಸುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1960ರ ಮಾದರಿಯಾಗಿ ತಂದ ಷೆವರ್ಲೆ ಕೊರ್ವೇರ್ ಕಾರಿನಲ್ಲಿ ಈ ಎರಡೂ ಗುಣಗಳಿದ್ದವು. ಕಂಪನಿಯವರಿಗೆ ತಿಳಿಯದೆ ಇರಲಿಲ್ಲ. ಅವರು ಕಂಡುಕೊಂಡ ಉಪಾಯ ನೋಡಿ: ಮುಂದಿನ ಟೈರಿಗೆ 15 ಪೌಂಡು ಗಾಳಿ, ಹಿಂದಿನದಕ್ಕೆ 26 ಪೌಂಡು. ಮುಂದಿನ ಟೈರು ಮೆತ್ತಗಿದ್ದರೆ ಅದು ಮೊದಲು ಜಾರುತ್ತದೆ, ಹಿಂಭಾಗ ತಿರುಗುವುದಿಲ್ಲ. ಲೆಕ್ಕ ಸರಿ. ಆದರೆ ಆ ಲೆಕ್ಕವನ್ನು ಪಾಲಿಸಬೇಕಾದವನು ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಹುಡುಗ. ನಾಲ್ಕಕ್ಕೂ ಸಮನಾಗಿ ತುಂಬಿದರೆ ಮುಗಿಯಿತು. ಒಂದು ಸಂಸಾರದ ಪ್ರಾಣವನ್ನು ಹೀಗೆ ಗಾಳಿ ಪಂಪಿಗೆ ಒಪ್ಪಿಸಬಹುದೇ? 1965ರಲ್ಲಿ ಈ ಪ್ರಶ್ನೆ ಎತ್ತಿದವನು ರಾಲ್ಫ್ ನೇಡರ್, ಲೆಬನಾನಿನಿಂದ ವಲಸೆ ಬಂದ ದಂಪತಿಗಳ ಮಗ, 31ರ ವಕೀಲ. ಯಾವ ವೇಗದಲ್ಲೂ ಸುರಕ್ಷಿತವಲ್ಲ ಎಂಬರ್ಥದ ಹೆಸರಿನ ಅವನ ಪುಸ್ತಕದ ಮೊದಲ ಅಧ್ಯಾಯವೇ ಕೊರ್ವೇರ್. ತಪ್ಪು ಚಾಲಕನದೆಂಬ ಮಾತನ್ನು ಅವನು ಒಪ್ಪಲಿಲ್ಲ. ಕಂಪನಿ ಪುಸ್ತಕಕ್ಕೆ ಉತ್ತರ ಕೊಡುವ ಬದಲು ಅವನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ವಿಷಯ ಬಯಲಾಗಿ 1966ರ ಮಾರ್ಚ್‌ನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಎದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1972ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಪರೀಕ್ಷಿಸಿ, 1963ರ ಕೊರ್ವೇರ್ ತನ್ನ ಸಮಕಾಲೀನ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದು ವರದಿ ಕೊಟ್ಟಿತು. ಸರ್ಕಾರಿ ನೌಕರನಾದ ನಾನು ಸರ್ಕಾರಿ ವರದಿಯನ್ನು ತಳ್ಳಿಹಾಕಲಾರೆ! ಆದರೆ ಕಂಪನಿಯೇ 1964ರ ಮಾದರಿಗೆ ವಾಲುವಿಕೆ ತಡೆಯುವ ಸರಳನ್ನು ಹಾಕಿ, 1965ಕ್ಕೆ ಹಿಂದಿನ ಅಚ್ಚಿನ ವ್ಯವಸ್ಥೆಯನ್ನೇ ಬದಲಿಸಿತು. ಏನೂ ಕೊರತೆ ಇರದಿದ್ದರೆ ಇಷ್ಟು ಶ್ರಮವೇಕೆ?

ಅತ್ತ ಫ್ರಾನ್ಸಿನಲ್ಲಿ ಬೇರೆ ದಾರಿ ಹಿಡಿದಿದ್ದರು. ಸಿಟ್ರೊಯೆನ್ ಕಂಪನಿಯ ಬುಲಾಂಜೆ ತನ್ನ ಇಂಜಿನಿಯರುಗಳಿಗೆ ಕೊಟ್ಟ ಅಪ್ಪಣೆ ಪ್ರಸಿದ್ಧವಾದದ್ದು: ಇಬ್ಬರು ರೈತರು, 50 ಕಿಲೋ ಆಲೂಗಡ್ಡೆ, ಬುಟ್ಟಿ ತುಂಬ ಮೊಟ್ಟೆ ಇಟ್ಟು ಉತ್ತ ಹೊಲದಲ್ಲಿ ಓಡಿಸಿದರೂ ಒಂದೂ ಒಡೆಯಬಾರದು. ಯುದ್ಧದಿಂದ ತಡವಾಗಿ 1948ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದೆ ಬಂದ 2ಸಿವಿ ಕಾರಿನ ಇಂಜಿನ್ 375 ಸಿ.ಸಿ., ಅದೂ ಮುಂದೆ. ಪ್ರತಿ ಪಕ್ಕದ ಮುಂದಿನ ಹಾಗೂ ಹಿಂದಿನ ಚಕ್ರಗಳನ್ನು ಸ್ಪ್ರಿಂಗಿನ ಮೂಲಕ ಒಂದಕ್ಕೊಂದು ಜೋಡಿಸಿದ್ದರಿಂದ ಕಾರು ಕುದುರೆಯಂತೆ ಎಗರುತ್ತಿರಲಿಲ್ಲ. ತಿರುವಿನಲ್ಲಿ ಭಯವಾಗುವಷ್ಟು ವಾಲುತ್ತಿತ್ತು, ಚಕ್ರ ಮಾತ್ರ ನೆಲ ಹಿಡಿದಿರುತ್ತಿತ್ತು. ಒರಟು ರಸ್ತೆಯಲ್ಲಿ ಇದೇ ಮುಖ್ಯ. ನೆಲ ಬಿಟ್ಟ ಟೈರು ಗಾಳಿಯನ್ನು ಎದುರಿಸಲಾರದು. ಸೇತುವೆಯ ಕೀಲಿನ ಮೇಲೆ ನನಗಾದದ್ದು ಅದೇ. ಮುಂದೆ ಇಂಗ್ಲೆಂಡಿನಲ್ಲಿ, 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಬರ ಬಂದಾಗ, ಅಲೆಕ್ ಇಸಿಗೋನಿಸ್ ಹತ್ತೇ ಅಡಿ ಉದ್ದದ ಮಿನಿ ಕಾರನ್ನು ರೂಪಿಸಿದ. 1959ರಲ್ಲಿ ಬಂದ ಅದರಲ್ಲಿ ಇಂಜಿನ್ ಮುಂದೆ, ಅದೂ ಅಡ್ಡಲಾಗಿ. ದುಬಾರಿಯಾಗಿದ್ದ ಆ ಕೀಲುಗಳು ಆ ಹೊತ್ತಿಗೆ ಸಣ್ಣ ಕಾರಿಗೂ ಎಟುಕುತ್ತಿದ್ದವು.

1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈಸೇರಿದ ಮಾರುತಿ 800 ಈ ಮಿನಿಯ ವಂಶದ್ದೇ: ಮುಂದೆ ಅಡ್ಡಲಾಗಿ 796 ಸಿ.ಸಿ. ಇಂಜಿನ್, 12 ಅಂಗುಲದ ಚಕ್ರ. ಇಂಜಿನ್ ಹಿಂದಿಡುವ ಪದ್ಧತಿ ಮಾತ್ರ ಪೂರ್ತಿ ಸಾಯಲಿಲ್ಲ. 2008ರ ಜನವರಿಯಲ್ಲಿ ದೆಹಲಿಯಲ್ಲಿ ಪ್ರದರ್ಶನಗೊಂಡು 2018ರವರೆಗೆ ತಯಾರಾದ ಟಾಟಾ ನ್ಯಾನೋ ಮತ್ತೆ ಅದೇ ದಾರಿ ಹಿಡಿಯಿತು, ಅದೇ ಖರ್ಚಿನ ಕಾರಣಕ್ಕೆ. ಆದರೆ ಅದರ ಟೈರುಗಳನ್ನು ಗಮನಿಸಿದ್ದೀರಾ? ಮುಂದಿನವು 135 ಮಿಲಿಮೀಟರ್ ಅಗಲ, ಹಿಂದಿನವು 155. ಕೊರ್ವೇರ್‌ನವರು ಗಾಳಿ ಪಂಪಿಗೆ ಬಿಟ್ಟ ಲೆಕ್ಕವನ್ನು ಇವರು ಟೈರಿನ ಅಳತೆಯಲ್ಲೇ ಬಹುಮಟ್ಟಿಗೆ ಕೂಡಿಸಿಟ್ಟಿದ್ದರು.

ಹಾಗಾದರೆ ಮುಂದೆ ಇಂಜಿನ್ ಇದ್ದ ನನ್ನ ಕಾರು ಏಕೆ ಹೊಯ್ದಾಡಿತು? ಇದಕ್ಕೆ ಕಂಪನಿಯನ್ನು ದೂರಲಾರೆ. ಹಿಂದೆ ಮೂವರು, ಡಿಕ್ಕಿಯಲ್ಲಿ ತೆಂಗಿನಕಾಯಿ. ಮುಂದಿನ ಇಂಜಿನ್ನಿನ ಉಪಕಾರವನ್ನು ನಾನೇ ರದ್ದುಮಾಡಿ ಕಾರನ್ನು ಅರ್ಧ ಬೀಟಲ್ ಮಾಡಿಟ್ಟಿದ್ದೆ. ತಲೆಯ ಮೇಲಿನ ಮೂಟೆ ಗಾಳಿಗೆ ಇನ್ನಷ್ಟು ಮೈಯೊಡ್ಡಿ, ಭಾರದ ಕೇಂದ್ರವನ್ನೂ ಮೇಲೆತ್ತಿತ್ತು. ಹೊರಡುವ ಮುನ್ನ ಹಿರಿಯೂರಿನಲ್ಲಿ ಗಾಳಿ ತುಂಬುವ ಹುಡುಗ "ಎಷ್ಟು ಸಾರ್?" ಎಂದಾಗ "ನಾಲ್ಕಕ್ಕೂ ಒಂದೇ ಹಾಕಪ್ಪ" ಎಂದವನು ನಾನು. ತುಂಬಿದ ಗಾಡಿಯ ಹಿಂದಿನ ಚಕ್ರಕ್ಕೆ ಹೆಚ್ಚು ಹಾಕಬೇಕೆಂದು ಜೊತೆಯ ಪುಸ್ತಕದಲ್ಲೇ ಬರೆದಿತ್ತು. ಅದನ್ನು ತೆರೆದದ್ದು ಪುಣೆ ತಲುಪಿದ ಮೇಲೆ.

ಮರುವರ್ಷ ಅಕ್ಕಿ ಮೂಟೆ ಕ್ಯಾರಿಯರ್‌ನಿಂದ ಇಳಿದು ಮುಂದಿನ ಸೀಟಿನವರ ಕಾಲಡಿಗೆ ಬಂತು, ತೆಂಗಿನಕಾಯಿ ಲಾರಿ ಆಫೀಸಿನ ಮೂಲಕ ಬಂದವು. ಅದೇ ದುರ್ಗದ ಗಾಳಿಯಲ್ಲಿ ಅರವತ್ತರ ವೇಗದಲ್ಲಿ ಸಾಗಿದೆವು. ಕಾರು ಸ್ವಲ್ಪ ಅಲುಗಿತೇ ಹೊರತು ದಾರಿ ಬಿಡಲಿಲ್ಲ. ಬಾಣ, ಗರಿ, ಕೊರ್ವೇರ್ ಎಲ್ಲವನ್ನೂ ಅಪ್ಪನಿಗೆ ವಿವರಿಸಿದೆ. ದಾವಣಗೆರೆಯವರೆಗೂ ಸಮಾಧಾನದಿಂದ ಕೇಳಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಈ ಸಲ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಾನೆ, ಅದಕ್ಕೇ ಸರಿಯಾಗಿ ಓಡಿಸ್ತಿದಾನೆ" ಎಂದರು.